ಬಿಡಿ ಚಿತ್ರವೂ ಚಿತ್ರಮಾಲೆಯೂ

ಛಾಯಾಗ್ರಹಣವು ಕಲೆಯೇ ಅಲ್ಲವೇ ಎಂಬ ವಾದ ಒಂದು ಕಾಲಕ್ಕೆ ಬಹಳ ಬಿರುಸಾಗಿ ನಡೆಯಿತು. ಈಗ ಆ ವಾದದ ಕಾವು ಆರಿದೆ. ಆದರೆ ಅದರೊಳಗಿದ್ದ ಒಂದು ಆಕ್ಷೇಪಣೆ ಮಾತ್ರ ಇಂದಿಗೂ ಉತ್ತರವನ್ನು ಬೇಡುತ್ತ ನಿಂತಿದೆಯೆಂದು ನನಗೆ ತೋರುತ್ತದೆ. ಚಿತ್ರಕಾರನು ಒಂದೊಂದು ರೇಖೆಯನ್ನೂ ತಾನೇ ಎಳೆಯಬೇಕು. ಕವಿ ಒಂದೊಂದು ಶಬ್ದವನ್ನೂ ತಾನೇ ಆರಿಸಬೇಕು. ಕ್ಯಾಮೆರಾ ಹಿಡಿದವನಾದರೋ ಗುಂಡಿಯನ್ನೊತ್ತಿದರೆ ಸಾಕು, ಉಳಿದುದನ್ನು ಬೆಳಕು ಮಾಡಿಕೊಡುತ್ತದೆ. ಹಾಗಿದ್ದ ಮೇಲೆ ಒಳ್ಳೆಯ ಛಾಯಾಚಿತ್ರವೆಂಬುದು ಹಿಡಿದವನ ಜಾಣ್ಮೆಯೋ, ಬರಿಯ ಅದೃಷ್ಟವೋ? ಒಂದೇ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಸಾವಿರ ಸಲ ಗುಂಡಿಯೊತ್ತಿದವನಿಗೆ ಒಂದು ಸಲವಾದರೂ ಗಿಳಿ ಹಾರಿಬಂದು ಗೋಪುರದ ಮೇಲೆ ಸರಿಯಾದ ಜಾಗದಲ್ಲಿ ಕುಳಿತೀತು. ಒಂದೇ ವಿಷಯವನ್ನು ಕುರಿತ ಹನ್ನೆರಡು ಚಿತ್ರಗಳನ್ನು ಸಾಲಾಗಿ ಇಟ್ಟು ತೋರಿಸು ಎಂದಾಗ ಮಾತ್ರ ಅದೃಷ್ಟದ ಆಟ ಮುಗಿದು, ನೋಡುವ ಕಣ್ಣಿನ ಕೆಲಸ ಮೊದಲಾಗುತ್ತದೆ.

ನಾನು ಈ ವಿದ್ಯೆಗೆ ತೀರ ಹೊಸಬ. ಅಧ್ಯಾಪನದಿಂದ ನಿವೃತ್ತನಾದ ಮೇಲೆ ಮೈಸೂರಿನ ಒಂದು ಸಂಜೆಯ ತರಗತಿಗೆ ಸೇರಿ, ನನಗಿಂತ ನಲವತ್ತು ವರ್ಷ ಚಿಕ್ಕವರಾದ ಹುಡುಗ ಹುಡುಗಿಯರ ಪಕ್ಕದಲ್ಲಿ ಕುಳಿತು ಛಾಯಾಗ್ರಹಣವನ್ನು ಕಲಿಯತೊಡಗಿದವನು. ಮೊದಲ ಎರಡು ತಿಂಗಳು ಬೆಳಕಿನ ಅಳತೆ, ಕಿಂಡಿಯ ಅಳತೆ, ಕ್ಷಣದ ಅಳತೆ ಇವುಗಳಲ್ಲಿ ಕಳೆದುವು. ಆ ಬಳಿಕ ನಮ್ಮ ಗುರುಗಳು ಒಂದು ಕೆಲಸವನ್ನು ಒಪ್ಪಿಸಿದರು: ಪ್ರತಿಯೊಬ್ಬರೂ ಒಂದು ವಿಷಯವನ್ನು ಆರಿಸಿಕೊಳ್ಳಬೇಕು, ಮೂರು ತಿಂಗಳು ಅದನ್ನು ಬಿಟ್ಟು ಬೇರೊಂದರ ಕಡೆಗೆ ಕ್ಯಾಮೆರಾ ತಿರುಗಿಸಬಾರದು, ಒಂದೇ ಲೆನ್ಸನ್ನು ಬಳಸಬೇಕು, ಕೊನೆಗೆ ಹನ್ನೆರಡೇ ಚಿತ್ರಗಳನ್ನು ತಂದೊಪ್ಪಿಸಬೇಕು. ಈ ಮೂರು ತಿಂಗಳಲ್ಲಿ ಕಲಿತುದನ್ನು ವಿದ್ಯಾರ್ಥಿಗಳ ಮುಂದೆ, ಅದರಲ್ಲಿಯೂ ಕ್ಯಾಮೆರಾವನ್ನು ಹಿಡಿಯದ ಸಾಹಿತ್ಯದ ವಿದ್ಯಾರ್ಥಿಗಳ ಮುಂದೆ, ಇಡುವುದು ಈ ಲೇಖನದ ಉದ್ದೇಶ. ಏಕೆಂದರೆ ಅದು ಕ್ಯಾಮೆರಾಕ್ಕೆ ಮಾತ್ರ ಸಂಬಂಧಿಸಿದ ಪಾಠವಲ್ಲ.

ವಿಷಯದ ಹಿರಿದು ಕಿರಿದು

ಹೊಸ ವಿದ್ಯಾರ್ಥಿಗೆ ವಿಷಯವನ್ನು ಆರಿಸು ಎಂದರೆ ಅವನ ಬಾಯಲ್ಲಿ ಮೊದಲು ಬರುವುದು ಭಾವವಾಚಕ ನಾಮಪದ. ನಮ್ಮ ತರಗತಿಯಲ್ಲಿಯೂ ಹಾಗೆಯೇ ಆಯಿತು. ಒಬ್ಬನು ‘ಬಡತನ’ ಎಂದ, ಇನ್ನೊಬ್ಬನು ‘ಕಾಲ’ ಎಂದ, ಒಬ್ಬ ಹುಡುಗಿ ‘ಒಂಟಿತನ’ ಎಂದಳು. ಗುರುಗಳು ನಗಲಿಲ್ಲ, ಬೇಡವೆನ್ನಲೂ ಇಲ್ಲ. “ಒಂಟಿತನ ಎಲ್ಲಿ ಸಿಕ್ಕುತ್ತದಮ್ಮ? ಬಸ್ಸಿನಲ್ಲಿ ಹೋಗಬೇಕೋ, ನಡೆದೇ ಹೋಗಬಹುದೋ?” ಎಂದು ಮಾತ್ರ ಕೇಳಿದರು. ಹುಡುಗಿ ಯೋಚಿಸಿ, ತನ್ನ ಹಾಸ್ಟೆಲಿನ ಊಟದ ಮನೆಯಲ್ಲಿ ಎಂದಳು. “ಊಟದ ಮನೆಯಲ್ಲಿ ಎಲ್ಲಿ?” ಎಂಬುದು ಮುಂದಿನ ಪ್ರಶ್ನೆ. ಹೀಗೆ ಕೇಳುತ್ತ ಹೇಳುತ್ತ ಹೋಗಿ, ಅವಳ ಒಂಟಿತನ ಕೊನೆಗೆ ಒಬ್ಬೊಬ್ಬರೇ ಊಟಕ್ಕೆ ಕುಳಿತವರ ಎದುರಿಗಿರುವ ಖಾಲಿ ಕುರ್ಚಿಗೆ ಬಂದು ನಿಂತಿತು. ಖಾಲಿ ಕುರ್ಚಿಯನ್ನು ಕ್ಯಾಮೆರಾ ಹಿಡಿಯಬಲ್ಲುದು; ಒಂಟಿತನವನ್ನು ಹಿಡಿಯಲಾರದು. ಹನ್ನೆರಡು ಖಾಲಿ ಕುರ್ಚಿಗಳನ್ನು ಒಂದರ ಪಕ್ಕದಲ್ಲೊಂದು ನೋಡಿದವನಿಗೆ ಮಾತ್ರ ಒಂಟಿತನ ತಾನಾಗಿ ಕಾಣಿಸಿಕೊಳ್ಳುತ್ತದೆ. ಸೈಕಲ್ ರಿಪೇರಿಯ ಅಂಗಡಿಯವನ ಮಗನೊಬ್ಬ ‘ದುಡಿಮೆ’ ಎಂದು ಹೊರಟು, ತಂದೆಯ ಅಂಗಡಿಯ ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳ ಸಾಲಿಗೆ ಬಂದು ಮುಟ್ಟಿದ. ಬೆಳಿಗ್ಗೆ ತುಂಬಿದ್ದ ಮೊಳೆಗಳು ಮಧ್ಯಾಹ್ನಕ್ಕೆ ಬರಿದಾಗಿ, ರಾತ್ರಿ ಮತ್ತೆ ತುಂಬುತ್ತಿದ್ದುವು. ಅಷ್ಟೇ ಅವನ ಮಾಲೆ. ತಂದೆಯ ಮುಖ ಅದರಲ್ಲಿ ಒಂದು ಸಲವೂ ಬರುವುದಿಲ್ಲ; ಆತನ ದಿನವೆಲ್ಲ ಅದರಲ್ಲಿ ಇದೆ.

ಸಾಹಿತ್ಯದ ವಾಚಕರಿಗೆ ಈ ನಿರ್ಬಂಧ ಹೊಸದೇನೂ ಅಲ್ಲ. ನಮ್ಮ ಹಳೆಯ ಕವಿಗಳು ಪದ್ಯದ ಪ್ರತಿಯೊಂದು ಪಾದದಲ್ಲಿಯೂ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸದ ನಿಯಮವನ್ನು ಶತಮಾನಗಳ ಕಾಲ ಪಾಲಿಸಿದರು. ಪಾದದ ಮೊದಲ ಅಕ್ಷರ ಬೇರೆ ಬೇರೆ, ಎರಡನೆಯದು ಒಂದೇ. ಚಿತ್ರಮಾಲೆಯ ನಿಯಮವೂ ಇದೇ. ಪ್ರತಿಯೊಂದು ಚಿತ್ರವೂ ಹೊಸದಾಗಿ ಮೊದಲಾಗಬೇಕು. ಆದರೆ ಎರಡನೆಯ ಹೆಜ್ಜೆಯಲ್ಲಿ ಹಿಂದಿನದರ ದನಿಗೆ ದನಿಗೂಡಿಸಬೇಕು. ಬರಿಯ ಹೊಸತನವಿದ್ದರೆ ಅದು ಚಿತ್ರಗಳ ಗುಂಪು. ಬರಿಯ ಸಾಮ್ಯವಿದ್ದರೆ ಅದು ಪುನರುಕ್ತಿ. ಎರಡೂ ಕೂಡಿದಾಗ ಮಾಲೆ.

ನಾನು ಆರಿಸಿಕೊಂಡ ವಿಷಯ ಜಗುಲಿ. ನಾನಿರುವ ಬಡಾವಣೆಯಿಂದ ಹತ್ತು ನಿಮಿಷ ನಡೆದರೆ ಹಳೆಯ ಅಗ್ರಹಾರದ ನಾಲ್ಕು ಬೀದಿಗಳು. ಎಣಿಸಿ ನೋಡಿದರೆ ಅಲ್ಲಿ ೩೧ ಜಗುಲಿಗಳು ಉಳಿದಿದ್ದುವು.

ಹಿಂದೆ ನಡೆದವರು

ಬಾಗಿಲನ್ನೂ ಹೊಸ್ತಿಲನ್ನೂ ಹಿಡಿಯುವ ಚಪಲ ಛಾಯಾಗ್ರಹಣದಷ್ಟೇ ಹಳೆಯದೆಂಬುದು ನನಗೆ ಆಮೇಲೆ ತಿಳಿಯಿತು. ಕಾಗದದ ನೆಗೆಟಿವಿನ ವಿಧಾನವನ್ನು ಕಂಡುಹಿಡಿದ ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ ೧೮೪೪ರಿಂದ ೧೮೪೬ರವರೆಗೆ ಬಿಡಿ ಸಂಚಿಕೆಗಳಾಗಿ ಹೊರತಂದ ‘ದಿ ಪೆನ್ಸಿಲ್ ಆಫ್ ನೇಚರ್’ ಎಂಬ ಪುಸ್ತಕದಲ್ಲಿ ೨೪ ಛಾಯಾಚಿತ್ರಗಳಿವೆ. ಅವುಗಳಲ್ಲಿ ಒಂದು ಅರೆತೆರೆದ ಬಾಗಿಲು. ಅದಕ್ಕೆ ಒರಗಿಸಿಟ್ಟ ಒಂದು ಪೊರಕೆ. ಪಕ್ಕದಲ್ಲಿ ತೂಗುಹಾಕಿದ ಒಂದು ಕಂದೀಲು. ಚಿತ್ರವೆಂದರೆ ಅಷ್ಟೇ. ಅರಮನೆ ಚರ್ಚುಗಳಿರುವ ನಾಡಿನಲ್ಲಿ, ಹೊಚ್ಚ ಹೊಸದಾದ ಒಂದು ಯಂತ್ರವನ್ನು ಕೈಯಲ್ಲಿ ಹಿಡಿದವನು ಪೊರಕೆಯೊಂದರ ಮುಂದೆ ನಿಂತುದು ಯೋಚಿಸತಕ್ಕ ಸಂಗತಿ.

ಪ್ಯಾರಿಸಿನ ಯುಜೀನ್ ಅಟ್ಜೆ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಿಂದ ೧೯೨೭ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು ೩೦ ವರ್ಷ, ಭಾರವಾದ ಮರದ ಕ್ಯಾಮೆರಾವನ್ನೂ ಗಾಜಿನ ಫಲಕಗಳನ್ನೂ ಹೊತ್ತು ಹಳೆಯ ಪ್ಯಾರಿಸಿನ ಬೀದಿಗಳನ್ನು ಸುತ್ತಿದ. ಮೆಟ್ಟಿಲು, ಬಾಗಿಲಿನ ಚಿಲಕ, ಅಂಗಡಿಯ ಮುಂಭಾಗ, ಅಂಗಳ ಇವು ಆತನ ವಿಷಯಗಳು. ತನ್ನನ್ನು ಕಲಾವಿದನೆಂದು ಆತ ಕರೆದುಕೊಳ್ಳಲಿಲ್ಲ. ಕಲಾವಿದರಿಗೆ ಬೇಕಾದ ದಾಖಲೆಗಳನ್ನು ಒದಗಿಸುವವನೆಂದು ಹೇಳಿಕೊಂಡ. ಜರ್ಮನಿಯ ಬರ್ನ್ಡ್ ಬೆಕರ್ ಮತ್ತು ಹಿಲ್ಲಾ ಬೆಕರ್ ದಂಪತಿಗಳು ೧೯೫೯ರಿಂದ ದಶಕಗಳ ಕಾಲ ನೀರಿನ ಗೋಪುರ, ಕುಲುಮೆ, ಗಣಿಯ ಕಟ್ಟಡ ಇವುಗಳನ್ನೇ ಹಿಡಿದರು. ಯಾವಾಗಲೂ ಮೋಡ ಮುಸುಕಿದ ದಿನ, ಯಾವಾಗಲೂ ನೇರ ಎದುರಿನಿಂದ, ನೆರಳಿನ ನಾಟಕಕ್ಕೆ ಎಡೆಯಿಲ್ಲದಂತೆ. ಒಂಬತ್ತೋ ಹನ್ನೆರಡೋ ಹದಿನೈದೋ ಚಿತ್ರಗಳನ್ನು ಚೌಕಗಳಾಗಿ ಜೋಡಿಸಿ ಗೋಡೆಗೆ ಹಾಕಿದಾಗ, ಒಂದೊಂದಾಗಿ ನೋಡಿದರೆ ಯಾರೂ ಎರಡನೆಯ ಸಲ ನೋಡದ ಗೋಪುರಗಳು ಒಂದೇ ಮನೆತನದ ಅಣ್ಣತಮ್ಮಂದಿರಂತೆ ತಮ್ಮ ತಮ್ಮ ಗುಣಗಳನ್ನು ತೋರಿಸತೊಡಗಿದುವು.

ನಮ್ಮ ನಾಡಿನಲ್ಲಿಯೂ ಇದರ ಉದಾಹರಣೆಗಳಿವೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ೧೮೫೬ರ ಸುಮಾರಿನಲ್ಲಿ ಹಂಪೆಗೆ ಬಂದು, ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಆ ಹಾಳೂರಿನ ಗುಡಿ ಮಂಟಪಗಳನ್ನು ಹಿಡಿದ. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ೧೯೮೩ರಲ್ಲಿ ಆ ಚಿತ್ರಗಳನ್ನು ಹಿಡಿದುಕೊಂಡು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು, ಅದೇ ನೋಟಗಳನ್ನು ಮತ್ತೊಮ್ಮೆ ಹಿಡಿದ. ಒಬ್ಬನದು ಒಂದು ಮಾಲೆ. ಇಬ್ಬರದೂ ಸೇರಿದರೆ ೧೨೭ ವರ್ಷಗಳ ಇನ್ನೊಂದು ಮಾಲೆ. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರ ಹೆಸರನ್ನು ಎಲ್ಲರೂ ಬಲ್ಲರು. ಅವರ ತಮ್ಮಂದಿರು ಟಿ. ಎಸ್. ನಾಗರಾಜನ್ ದೇಶವನ್ನೆಲ್ಲ ಸುತ್ತಿ ಹಳೆಯ ಮನೆಗಳ ಒಳಭಾಗಗಳನ್ನು ಹಿಡಿದು ಮಾಲೆ ಮಾಡಿದರು. ಮನೆಯ ಒಳಗನ್ನು ಅವರು ಹಿಡಿದಿರುವರು; ಬಾಗಿಲಿನ ಹೊರಗಾದರೂ ನನಗಿರಲಿ ಎಂಬ ಧೈರ್ಯದಿಂದ ನಾನು ಹೊರಟೆ.

ಅಳತೆಯಿಂದ ಹುಟ್ಟಿದ ಅರಿವು

ಜಗುಲಿಯನ್ನು ಹಿಡಿಯುವುದು ನೋಡಿದಷ್ಟು ಸುಲಭವಲ್ಲ. ಬೀದಿಯಲ್ಲಿ ಬಿಸಿಲು, ಜಗುಲಿಯ ಮೇಲೆ ಮಾಡಿನ ನೆರಳು, ತೆರೆದ ಬಾಗಿಲಿನ ಒಳಗೆ ಕತ್ತಲೆ. ನಮ್ಮ ಕಣ್ಣು ಈ ಮೂರನ್ನೂ ಒಂದೇ ಸಲ ಕಂಡಂತೆ ಭಾವಿಸುತ್ತದೆ. ಕ್ಯಾಮೆರಾಕ್ಕೆ ಆ ಔದಾರ್ಯವಿಲ್ಲ. ಬೆಳಕಿನ ಅಳತೆಯಲ್ಲಿ ಒಂದು ಮೆಟ್ಟಿಲು ಏರಿದರೆ ಬೆಳಕು ಇಮ್ಮಡಿಯಾಗುತ್ತದೆ. ನಾಲ್ಕು ಮೆಟ್ಟಿಲು ಏರಿದರೆ ೧೬ ಪಟ್ಟಾಗುತ್ತದೆ. ನಡುಹಗಲಿನಲ್ಲಿ ಬೀದಿಗೂ ಜಗುಲಿಗೂ ಇರುವ ಅಂತರ ಹೆಚ್ಚುಕಡಮೆ ಅಷ್ಟಿರುತ್ತದೆ. ಬೀದಿಗೆ ತಕ್ಕಂತೆ ಅಳೆದರೆ ಕುಳಿತವರ ಮುಖ ಮಸಿಯಾಗುತ್ತದೆ. ಮುಖಕ್ಕೆ ತಕ್ಕಂತೆ ಅಳೆದರೆ ಬೀದಿ ಸುಣ್ಣ ಬಳಿದಂತಾಗುತ್ತದೆ. ಆದುದರಿಂದ ಪೂರ್ವಕ್ಕೆ ಮುಖಮಾಡಿದ ಮನೆಗಳಿಗೆ ಸಂಜೆ, ಪಶ್ಚಿಮಕ್ಕೆ ಮುಖಮಾಡಿದವುಗಳಿಗೆ ಬೆಳಿಗ್ಗೆ ಎಂದು ವೇಳಾಪಟ್ಟಿಯನ್ನು ಮಾಡಿಕೊಂಡೆ. ಆಗ ಬೀದಿಯ ಆ ಮಗ್ಗುಲು ನೆರಳಿನಲ್ಲಿದ್ದು, ಎದುರುಮನೆಯ ಗೋಡೆಯಿಂದ ಮೆಲ್ಲನೆ ಮರಳಿ ಬರುವ ಬೆಳಕು ಜಗುಲಿಯನ್ನು ತುಂಬುತ್ತದೆ. ಆಷಾಢದ ಮೋಡ ಕವಿದ ದಿನಗಳಲ್ಲಿ ಇಡೀ ಬೀದಿಯೇ ಅನುಕೂಲ.

ಇನ್ನೊಂದು ತೊಡಕು ಕಂಬಗಳದು. ಕ್ಯಾಮೆರಾವನ್ನು ತುಸು ಮೇಲಕ್ಕೆತ್ತಿದರೂ ಚಿತ್ರದಲ್ಲಿ ಕಂಬಗಳು ಒಂದರ ಕಡೆಗೊಂದು ವಾಲುತ್ತವೆ. ಅವು ನೆಟ್ಟಗೆ ನಿಲ್ಲಬೇಕಾದರೆ ಕ್ಯಾಮೆರಾ ನೆಲಕ್ಕೆ ಸಮನಾಗಿರಬೇಕು. ಹನ್ನೆರಡು ಚಿತ್ರಗಳಲ್ಲಿಯೂ ನೋಟದ ಎತ್ತರ ಒಂದೇ ಇರಬೇಕೆಂದರೆ ಮುಕ್ಕಾಲಿಯ ಎತ್ತರವನ್ನು ಗೊತ್ತುಮಾಡಿಕೊಳ್ಳಬೇಕು. ಅದಕ್ಕಾಗಿ ನಾನು ಒಂದು ಅಳತೆಯ ಟೇಪನ್ನು ಜೇಬಿನಲ್ಲಿಟ್ಟುಕೊಂಡು ಓಡಾಡತೊಡಗಿದೆ. ಇದು ಬರಿಯ ಕಸುಬಿನ ಸಂಗತಿಯೆಂದು ಕಾಣಬಹುದು. ಆದರೆ ನನ್ನ ಮಾಲೆಯ ಅರ್ಥ ಹೊಳೆದುದು ಆ ಟೇಪಿನಿಂದಲೇ.

ಅಳೆಯುತ್ತ ಹೋದಂತೆ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೈಗಳು ಕಟ್ಟಿದ ಆ ಜಗುಲಿಗಳಲ್ಲಿ ಬಹುಪಾಲು ಬೀದಿಯಿಂದ ಎರಡೂಕಾಲರಿಂದ ಎರಡೂಮುಕ್ಕಾಲು ಅಡಿ ಎತ್ತರದಲ್ಲಿಯೇ ಇರುವುದು ಕಂಡುಬಂದಿತು. ಆ ಎತ್ತರದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತವರ ಕಣ್ಣು ಬೀದಿಯಿಂದ ಸುಮಾರು ಐದು ಅಡಿ ಮೇಲಿರುತ್ತದೆ. ಬೀದಿಯಲ್ಲಿ ನಡೆದು ಬರುವವರ ಕಣ್ಣೂ ಸುಮಾರಾಗಿ ಅದೇ ಎತ್ತರದಲ್ಲಿರುತ್ತದೆ. ಎಂದರೆ, ಜಗುಲಿಯ ಮೇಲೆ ಕುಳಿತವರಿಗೂ ಬೀದಿಯಲ್ಲಿ ನಿಂತವರಿಗೂ ಕಣ್ಣು ಕಣ್ಣು ಸಮನಾಗಿ ಸಂಧಿಸುತ್ತವೆ. ಒಬ್ಬರು ತಲೆಯೆತ್ತಬೇಕಾಗಿಲ್ಲ, ಇನ್ನೊಬ್ಬರು ಕುಗ್ಗಬೇಕಾಗಿಲ್ಲ. ಒಂದು ಜಗುಲಿಯನ್ನು ಎಷ್ಟು ಚೆನ್ನಾಗಿ ಹಿಡಿದಿದ್ದರೂ ಈ ಸಂಗತಿ ನನಗೆ ತಿಳಿಯುತ್ತಿರಲಿಲ್ಲ. ಹತ್ತಾರು ಜಗುಲಿಗಳ ಮುಂದೆ ಅದೇ ಮುಕ್ಕಾಲಿಯನ್ನು ಅದೇ ಎತ್ತರಕ್ಕೆ ನಿಲ್ಲಿಸಿದುದರಿಂದ ತಿಳಿಯಿತು. ಬಿಡಿ ಚಿತ್ರ ‘ನೋಡು’ ಎನ್ನುತ್ತದೆ. ಮಾಲೆ ‘ಹೋಲಿಸಿ ನೋಡು’ ಎನ್ನುತ್ತದೆ. ಅರಿವು ಹುಟ್ಟುವುದು ಹೋಲಿಕೆಯಿಂದ.

ನಾಲ್ಕನೆಯ ವಾರದಲ್ಲಿ ಒಂದು ಮನೆಯ ಮುಂದೆ ಹೀಗೆಯೇ ಅಳೆಯುತ್ತಿದ್ದಾಗ, ಎಂಬತ್ತೈದು ದಾಟಿದ ಆ ಮನೆಯ ಹಿರಿಯರೊಬ್ಬರು ಒಳಗಿನಿಂದ ಬಂದು, “ಏನಪ್ಪಾ, ಮನೆ ಕೊಂಡುಕೊಳ್ಳೋಕೆ ಬಂದೆಯೋ?” ಎಂದು ಕೇಳಿದರು. “ಇಲ್ಲಮ್ಮ, ಜಗುಲಿಯ ಫೋಟೋ ತೆಗೆಯೋಕೆ” ಎಂದೆ. ಅವರು ಜಗುಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಬರೀ ಕಲ್ಲನ್ನ ತೆಗೆದು ಏನ್ಮಾಡ್ತೀಯ? ಕೂತ್ಕೊಳ್ಳೋಕೆ ಆಗಿದ್ರೆ ಒಳಗೆ ಕುರ್ಚಿ ಇಲ್ವೇ? ಜಗುಲಿ ಇರೋದು ಹೋಗೋರು ಬರೋರನ್ನ ಮಾತಾಡ್ಸೋಕೆ” ಎಂದು ಹೇಳಿ, ಕುಳಿತು, ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನು ಮಾತಾಡಿಸತೊಡಗಿದರು. ನನ್ನ ಟೇಪು ಹೇಳಿದುದನ್ನೇ ಅವರು ಟೇಪಿಲ್ಲದೆ ಹೇಳಿದ್ದರು. ಆ ದಿನದಿಂದ ನನ್ನ ವಿಷಯ ಬೆಳೆಯಿತು. ಜಗುಲಿಯೆಂಬ ಕಟ್ಟಡದ ಭಾಗ ಹಿಂದಕ್ಕೆ ಸರಿದು, ಜಗುಲಿಯ ಮೇಲೆ ನಡೆಯುವ ಮಾತುಕತೆ ಮುಂದಕ್ಕೆ ಬಂದಿತು. ಕಲ್ಲಿನ ಮೇಲೆ ಕೊರೆದ ಆಡು-ಹುಲಿಯಾಟದ ಗೆರೆಗಳು, ದೀಪದ ಗೂಡಿನ ಸುತ್ತ ಎಣ್ಣೆಯ ಮಸಿ, ಬೆನ್ನು ಒರಗಿಸಿ ಒರಗಿಸಿ ನುಣುಪಾದ ಕಂಬ—ಇವೆಲ್ಲವೂ ಮುಗಿದ ಮಾತುಕತೆಗಳ ಗುರುತುಗಳಾಗಿ ಕಾಣತೊಡಗಿದುವು.

ಕೆಳಗೆ ನಿಂತವರು

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಾಲೆ ಹಳೆಯ ಕಾಲದ ಸವಿನೆನಪಾಗಿ ಉಳಿಯುತ್ತಿದ್ದಿತು. ಹಳೆಯದನ್ನು ಹಿಡಿಯುವ ಪ್ರತಿಯೊಬ್ಬ ಛಾಯಾಗ್ರಾಹಕನಿಗೂ ಈ ಅಪಾಯ ಕಾದಿರುತ್ತದೆ. ಮಾಲೆಯ ಒಂದು ಗುಣವೆಂದರೆ, ಅದು ಅಹಿತವಾದುದನ್ನೂ ಎಣಿಕೆಗೆ ತರುತ್ತದೆ. ಐದಾರು ವಾರಗಳ ಚಿತ್ರಗಳನ್ನು ಒಟ್ಟಿಗೆ ಹರಡಿ ನೋಡುವಾಗ ಒಂದು ಸಂಗತಿ ಕಣ್ಣಿಗೆ ಹೊಡೆದು ಕಂಡಿತು. ಸೊಪ್ಪು ಮಾರುವ ಹೆಂಗಸು ಬುಟ್ಟಿಯನ್ನು ತಲೆಯಿಂದ ಇಳಿಸಿ ಜಗುಲಿಯ ಅಂಚಿನ ಮೇಲೆ ಇಡುತ್ತಾಳೆ. ಬಗ್ಗದೆ ಇಳಿಸುವುದಕ್ಕೆ ಆ ಎತ್ತರ ಅನುಕೂಲ. ಆದರೆ ಬುಟ್ಟಿ ಮೇಲಿರುವ ಒಂಬತ್ತು ಚಿತ್ರಗಳಲ್ಲಿ ಒಂದರಲ್ಲಿಯೂ ಅವಳು ಕುಳಿತಿಲ್ಲ. ಬೀದಿಯಲ್ಲಿಯೇ ನಿಂತಿದ್ದಾಳೆ. ಕಣ್ಣುಗಳು ಸಮ, ಆಸನ ಸಮವಲ್ಲ.

ಈ ಚಿತ್ರಗಳನ್ನು ಆ ಹಿರಿಯರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, “ನಮ್ಮತ್ತೆಯವರ ಕಾಲದಲ್ಲಿ ಬುಟ್ಟಿ ಇಡೋಕೂ ಬಿಡ್ತಿರಲಿಲ್ಲ” ಎಂದರು. ಮತ್ತೆ ತುಸು ತಡೆದು, “ನಾನು ಕೂತ್ಕೋ ಅಂತ ಹೇಳಿದೀನಿ. ಅವಳೇ ಕೂರಲ್ಲ” ಎಂದರು. ಸೊಪ್ಪಿನವಳನ್ನು ಕೇಳಿದಾಗ ಅವಳು ನಕ್ಕು, “ನಂಗೆ ಇನ್ನೂ ನಾಕು ಬೀದಿ ಐತೆ ಸ್ವಾಮಿ, ಕುಂತರೆ ಏಳಾಕಾಗಕಿಲ್ಲ” ಎಂದಳು. ಯಾವುದು ಆಯಾಸ, ಯಾವುದು ಅಭ್ಯಾಸ, ಯಾವುದು ಹಳೆಯ ಅಂಜಿಕೆ ಎಂಬುದನ್ನು ಬೇರ್ಪಡಿಸುವ ಅಧಿಕಾರ ನನಗಿಲ್ಲ, ಕ್ಯಾಮೆರಾಕ್ಕೂ ಇಲ್ಲ. ಆದರೆ ಎಲ್ಲರನ್ನೂ ಮಾತಾಡಿಸುವುದಕ್ಕೆಂದು ಕಟ್ಟಿದ ಜಗುಲಿ ಎಲ್ಲರನ್ನೂ ಕೂರಿಸಿಕೊಳ್ಳಲಿಲ್ಲ ಎಂಬ ಮಾತನ್ನು ಹೇಳದೆ ಬಿಟ್ಟರೆ ಮಾಲೆ ಸುಳ್ಳಾಗುತ್ತದೆ. ಬುಟ್ಟಿ ಮೇಲೆ, ಹೆಂಗಸು ಕೆಳಗೆ ಇರುವ ಚಿತ್ರ ಹನ್ನೆರಡರ ನಡುವೆ, ಆರನೆಯ ಸ್ಥಾನದಲ್ಲಿ ಇದೆ.

ಜನರನ್ನು ಹಿಡಿಯತೊಡಗಿದ ಮೇಲೆ ಒಪ್ಪಿಗೆಯ ಪ್ರಶ್ನೆ ಬರುತ್ತದೆ. ಅಮೆರಿಕದ ವಾಕರ್ ಇವಾನ್ಸ್ ೧೯೩೮ರಿಂದ ೧೯೪೧ರವರೆಗೆ ನ್ಯೂಯಾರ್ಕಿನ ಸುರಂಗ ರೈಲುಗಳಲ್ಲಿ ಕೋಟಿನೊಳಗೆ ಕ್ಯಾಮೆರಾವನ್ನು ಬಚ್ಚಿಟ್ಟುಕೊಂಡು ಎದುರು ಕುಳಿತವರ ಮುಖಗಳನ್ನು ಹಿಡಿದ. ಆ ಚಿತ್ರಗಳು ಪುಸ್ತಕವಾಗಿ ಹೊರಬಂದುದು ೧೯೬೬ರಲ್ಲಿ. ಚಿತ್ರಗಳು ಅಮೋಘವಾಗಿವೆ. ಆದರೂ ಹೊಸ ವಿದ್ಯಾರ್ಥಿ ಆ ದಾರಿಯನ್ನು ಹಿಡಿಯಬಾರದೆಂದೇ ನನ್ನ ಅಭಿಪ್ರಾಯ. ಇಂದು ಚಿತ್ರವೊಂದು ಕೈಬಿಟ್ಟ ಗಳಿಗೆಯಲ್ಲಿಯೇ ಊರೂರು ಸುತ್ತಿಬರುತ್ತದೆ. ಇಪ್ಪತ್ತೈದು ವರ್ಷ ಕಾಯುವ ತಾಳ್ಮೆ ಯಾರಿಗೂ ಇಲ್ಲ. ನಾನು ಕೇಳಿ ಹಿಡಿದೆ. ಹಿಡಿದುದರ ಒಂದು ಪ್ರತಿಯನ್ನು ಮುದ್ರಿಸಿ ಮನೆಗೆ ಕೊಟ್ಟುಬಂದೆ. ಒಂದು ಮನೆಯವರು ಮಾತ್ರ ಬೇಡವೆಂದರು. ಅಣ್ಣತಮ್ಮಂದಿರಲ್ಲಿ ಪಾಲಿನ ವ್ಯಾಜ್ಯ ನಡೆಯುತ್ತಿದ್ದುದರಿಂದ, ಮನೆಯ ಚಿತ್ರ ಯಾರ ಕೈಗೆ ಸಿಕ್ಕಿ ಏನಾದೀತೋ ಎಂಬ ಭಯ ಅವರದು. ನಾಲ್ಕು ಬೀದಿಗಳಲ್ಲಿ ಅದಕ್ಕಿಂತ ಅಂದವಾದ ಬೋದಿಗೆಗಳುಳ್ಳ ಕಂಬಗಳು ಬೇರೆಲ್ಲಿಯೂ ಇರಲಿಲ್ಲ. ಮುಕ್ಕಾಲಿಯನ್ನು ಮಡಿಸಿಕೊಂಡು ಬಂದೆ. ಬೀದಿ ಎಲ್ಲರದು, ಅಲ್ಲಿ ನಿಂತು ಹಿಡಿದರೆ ಯಾರೇನು ಮಾಡಿಯಾರು ಎಂದು ತರಗತಿಯ ಗೆಳೆಯನೊಬ್ಬ ಕೇಳಿದ. ಯಾರೂ ಏನೂ ಮಾಡಲಾರರು. ಆದರೆ ಮಾತಾಡಿಸುವುದಕ್ಕೆಂದೇ ಇರುವ ಜಗುಲಿಯನ್ನು ಮಾತು ಮುರಿದು ಹಿಡಿದರೆ, ಆ ಚಿತ್ರಕ್ಕೆ ನನ್ನ ಮಾಲೆಯಲ್ಲಿ ಎಡೆಯೆಲ್ಲಿ?

ಆಯ್ಕೆಯೇ ಬರಹ

ಮೂರು ತಿಂಗಳು ಮುಗಿದಾಗ ನನ್ನಲ್ಲಿ ಆರುನೂರಕ್ಕೆ ಮೇಲ್ಪಟ್ಟು ಚಿತ್ರಗಳಿದ್ದುವು. ಅವುಗಳಲ್ಲಿ ಹನ್ನೆರಡನ್ನು ಆರಿಸಬೇಕು. ರಾಬರ್ಟ್ ಫ್ರಾಂಕ್ ೧೯೫೫ರಲ್ಲಿ ಗುಗೆನ್‌ಹೈಮ್ ವೇತನವನ್ನು ಪಡೆದು ಅಮೆರಿಕವನ್ನೆಲ್ಲ ಸುತ್ತಿ ಸುಮಾರು ೨೮,೦೦೦ ಚಿತ್ರಗಳನ್ನು ಹಿಡಿದು, ಅವುಗಳಿಂದ ೮೩ನ್ನು ಮಾತ್ರ ಆಯ್ದು ‘ದಿ ಅಮೆರಿಕನ್ಸ್’ ಎಂಬ ಪುಸ್ತಕವನ್ನು ಮಾಡಿದ. ಅದು ೧೯೫೮ರಲ್ಲಿ ಪ್ಯಾರಿಸಿನಲ್ಲಿಯೂ ೧೯೫೯ರಲ್ಲಿ ಅಮೆರಿಕದಲ್ಲಿಯೂ ಪ್ರಕಟವಾಯಿತು. ಮೂನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ನೋಡಿ ಒಂದನ್ನು ಉಳಿಸಿಕೊಂಡ ಲೆಕ್ಕ. ಅದನ್ನು ನೆನೆದರೆ ನನ್ನ ಐವತ್ತಕ್ಕೊಂದರ ಲೆಕ್ಕ ಸುಖದ್ದೇ.

ಪರದೆಯ ಮೇಲೆ ನೋಡಿ ಆರಿಸುವುದು ಆಗದ ಕೆಲಸ. ಅಲ್ಲಿ ಒಂದು ಚಿತ್ರ ಬಂದರೆ ಇನ್ನೊಂದು ಹೋಗುತ್ತದೆ. ಗುರುಗಳ ಮಾತಿನಂತೆ ಅರವತ್ತು ಚಿತ್ರಗಳನ್ನು ಅಂಚೆ ಕಾರ್ಡಿನ ಅಳತೆಗೆ ಮುದ್ರಿಸಿ, ಹಜಾರದ ನೆಲದ ಮೇಲೆ ಹರಡಿ, ಹತ್ತು ದಿನ ಹಾಗೆಯೇ ಬಿಟ್ಟೆ. ಓಡಾಡುವಾಗಲೆಲ್ಲ ಕಣ್ಣು ಬೀಳುತ್ತಿದ್ದುವು ಉಳಿದುವು. ದಾಟಿ ಹೋಗುತ್ತಿದ್ದುವು ಹೋದುವು. ಇಪ್ಪತ್ತಕ್ಕೆ ಇಳಿದ ಮೇಲೆ ಗುರುಗಳಿಗೆ ತೋರಿಸಿದೆ. ಅವರು ಮೊದಲು ತೆಗೆದುಹಾಕಿದುದು ಎಲ್ಲರೂ ಮೆಚ್ಚಿದ್ದ ಚಿತ್ರವನ್ನು. ಮಳೆ ನಿಂತ ಸಂಜೆ, ಒದ್ದೆಯಾದ ಕೆಂಪು ನೆಲ, ಕಂಬದ ಬುಡದಲ್ಲಿ ಮುದುಡಿ ಕುಳಿತ ಬಿಳಿಯ ಬೆಕ್ಕು. “ಈ ಬೆಕ್ಕು ಬೇರೆ ಯಾವುದೋ ಕಥೆಯದು” ಎಂದರು ಅವರು. ಮಾತು ನಿಜ. ಬೆಕ್ಕು ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಕಾವ್ಯದಲ್ಲಿ ತನ್ನ ಸೊಗಸಿನಿಂದಲೇ ಪದ್ಯವನ್ನು ಕೆಡಿಸುವ ಉಪಮೆಯನ್ನು ನಾವು ಕಂಡಿಲ್ಲವೇ? ಅದೂ ಈ ಬೆಕ್ಕಿನ ಜಾತಿಯದೇ.

ಕ್ರಮವನ್ನು ಕುರಿತು ಒಂದು ಮಾತು. ನವರಾತ್ರಿಯ ಬೊಂಬೆಗಳನ್ನು ಕೂರಿಸುವಾಗ ಯಾವುದರ ಪಕ್ಕದಲ್ಲಿ ಯಾವುದು ಎಂದು ಮನೆಯ ಹೆಂಗಸರು ಅರ್ಧ ದಿನ ಯೋಚಿಸುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವವೇ ಹನ್ನೆರಡು ಚಿತ್ರಗಳು. ಕ್ರಮ ಬದಲಾದರೆ ಅರ್ಥ ಬದಲಾಗುತ್ತದೆ. ಮುಚ್ಚಿದ ಬಾಗಿಲಿನ ಖಾಲಿ ಜಗುಲಿಯನ್ನು ಕೊನೆಗಿಟ್ಟರೆ ಅದು ಶೋಕಗೀತೆ. ಮೊದಲಿಗಿಟ್ಟರೆ ಬೆಳಗಿನ ಮೌನ, ಇನ್ನೇನು ಬಾಗಿಲು ತೆರೆಯಲಿದೆ. ನಾನು ಅದನ್ನು ಮೊದಲಿಗಿಟ್ಟೆ. ಆ ಬಳಿಕ ಆಡು-ಹುಲಿಯ ಗೆರೆಗಳು, ಶಾಲೆಗೆ ಹೊರಟ ಮಕ್ಕಳು ಬೂಟು ಕಟ್ಟಿಕೊಳ್ಳುವುದು, ಪತ್ರಿಕೆಯನ್ನು ಹಂಚಿಕೊಂಡು ಓದುವ ಇಬ್ಬರು ಮುದುಕರು, ಹಾಲಿನವನೊಂದಿಗೆ ಆ ಹಿರಿಯರು, ಸೊಪ್ಪಿನ ಬುಟ್ಟಿ. ಅಲ್ಲಿಂದ ಮುಂದೆ ಕಬ್ಬಿಣದ ಸರಳುಗಳಿಂದ ಮುಚ್ಚಿದ ಜಗುಲಿಗಳು, ಸ್ಕೂಟರು ನಿಂತ ಜಗುಲಿ, ಆಳೆತ್ತರದ ಗೇಟು.

ಹನ್ನೊಂದನೆಯ ಚಿತ್ರ ಒಂದು ಲಾರಿಯದು. ಒಂಬತ್ತನೆಯ ವಾರದಲ್ಲಿ ಒಂದು ಮನೆಯನ್ನು ಕೆಡವಿದರು. ನಾನು ಎರಡನೆಯ ವಾರದಲ್ಲಿ ಹಿಡಿದಿದ್ದ ಆಡು-ಹುಲಿಯ ಗೆರೆಗಳುಳ್ಳ ಚಪ್ಪಡಿ ಲಾರಿಯ ಮೇಲೆ ಒಡೆದ ಹೆಂಚುಗಳ ನಡುವೆ ಮಲಗಿತ್ತು. ಹನ್ನೊಂದನೆಯದನ್ನು ನೋಡಿದವರು ಎರಡನೆಯ ಚಿತ್ರಕ್ಕೆ ಮರಳಿ ಹೋಗಲೇಬೇಕು. ಬಿಡಿಯಾಗಿ ನೋಡಿದರೆ ಅದು ಕಲ್ಲು ತುಂಬಿದ ಒಂದು ಲಾರಿ, ಮತ್ತೇನೂ ಅಲ್ಲ. ಮನೆಯ ಯಜಮಾನರನ್ನು ನಾನು ದೂರಲಾರೆ. “ಮಳೆ ಬಂದರೆ ಆರು ಕಡೆ ಸೋರ್ತಿತ್ತು ಸಾರ್. ಮೂರು ಸಂಸಾರಕ್ಕೆ ಜಾಗ ಬೇಕಲ್ಲ?” ಎಂದರು ಅವರು. ಅವರ ಮಾತಿನಲ್ಲಿ ನ್ಯಾಯವಿದೆ. ಹೊಸ ಮನೆಗೆ ಜಗುಲಿ ಇಡುವಿರಾ ಎಂದು ಕೇಳಿದೆ. ಕಾರು ನಿಲ್ಲಬೇಕಲ್ಲ ಎಂದರು. ಅದೂ ನ್ಯಾಯವೇ. ಹೀಗೆ ಒಂದೊಂದು ನ್ಯಾಯವೂ ಸೇರಿ ಬೀದಿಯಲ್ಲಿ ಕಣ್ಣಿಗೆ ಕಣ್ಣು ಸಂಧಿಸುವ ಎತ್ತರವೊಂದು ಇಲ್ಲವಾಗುತ್ತಿದೆ. ಮಾಲೆ ಅದನ್ನು ತಡೆಯಲಾರದು. ಏನು ಇಲ್ಲವಾಯಿತೆಂಬುದನ್ನು ಅಳತೆಯೊಡನೆ ಹೇಳಬಲ್ಲುದು.

ಹನ್ನೆರಡನೆಯ ಚೌಕಟ್ಟನ್ನು, ಗುರುಗಳ ಅನುಮತಿ ಪಡೆದು, ಖಾಲಿ ಬಿಟ್ಟೆ. ಅದು ಒಪ್ಪಿಗೆ ಕೊಡದ ಮನೆಗೆ ಸಲ್ಲಬೇಕಾದ ಜಾಗ.

ವಿದ್ಯಾರ್ಥಿಗಳಿಗೆ

ಇಂದು ಕ್ಯಾಮೆರಾವಿಲ್ಲದ ಕೈಯಿಲ್ಲ. ಮೊಬೈಲಿನೊಳಗೆ ಸಾವಿರಗಟ್ಟಲೆ ಚಿತ್ರಗಳನ್ನು ತುಂಬಿಕೊಂಡು ತಿರುಗುವ ನಮ್ಮ ಹುಡುಗರಿಗೆ ಚಿತ್ರಗಳ ಕೊರತೆಯೇನೂ ಇಲ್ಲ. ಒಂದನ್ನೇ ಮೂರು ತಿಂಗಳು ನೋಡುವ ಅವಕಾಶದ ಕೊರತೆ ಇದೆ. ಅದಕ್ಕೆ ದುಬಾರಿಯ ಸಲಕರಣೆ ಬೇಕಾಗಿಲ್ಲ. ನಡೆದು ಹೋಗುವಷ್ಟು ಹತ್ತಿರದ ಒಂದು ವಿಷಯವನ್ನು ಆರಿಸಿಕೊಳ್ಳಿ. ಅದು ಕಣ್ಣಿಗೆ ಕಾಣುವ ವಸ್ತುವಾಗಿರಲಿ. ಭಾವ ತಾನಾಗಿ ಬರುತ್ತದೆ. ದೂರ, ಎತ್ತರ, ಬೆಳಕು ಇವುಗಳಲ್ಲಿ ಒಂದನ್ನಾದರೂ ಬದಲಿಸದೆ ಹಿಡಿಯಿರಿ. ಬದಲಾಗದ ಒಂದರಿಂದಲೇ ಬದಲಾಗುವ ಎಲ್ಲವೂ ಕಾಣುತ್ತದೆ. ಎರಡು ವಾರಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಹರಡಿ ನೋಡಿ, ನೀವು ಹುಡುಕದೆ ಇದ್ದುದು ಯಾವುದು ಮತ್ತೆ ಮತ್ತೆ ಬಂದಿದೆಯೆಂದು ಕೇಳಿಕೊಳ್ಳಿ. ನಿಮ್ಮ ನಿಜವಾದ ವಿಷಯ ಅಲ್ಲಿರುತ್ತದೆ. ಜನರನ್ನು ಕೇಳಿ ಹಿಡಿಯಿರಿ. ಬೇಡವೆಂದವರ ಮಾತನ್ನು ಮನ್ನಿಸಿ. ಅತ್ಯಂತ ಸೊಗಸಾದ ಚಿತ್ರವನ್ನು ಎಲ್ಲಕ್ಕಿಂತ ಹೆಚ್ಚು ಅನುಮಾನದಿಂದ ನೋಡಿ.

ಸಾಹಿತ್ಯದ ವಿದ್ಯಾರ್ಥಿ ಈ ಮಾತುಗಳಲ್ಲಿ ‘ಚಿತ್ರ’ ಎಂಬುದನ್ನು ತೆಗೆದು ‘ವಾಕ್ಯ’ ಎಂದು ಇಟ್ಟು ಓದಿಕೊಂಡರೂ ನನ್ನ ಆಕ್ಷೇಪಣೆಯಿಲ್ಲ. ನಾಲ್ಕು ದಶಕ ಪಾಠ ಹೇಳುವಾಗ ನಾನು ಹುಡುಗರಿಗೆ ಹೇಳಲು ಯತ್ನಿಸುತ್ತಿದ್ದುದೂ ಬಹುಮಟ್ಟಿಗೆ ಇದನ್ನೇ. ಅದನ್ನು ಹೇಳುವುದಕ್ಕೆ ಒಂದು ಅಳತೆಯ ಟೇಪು ಇಷ್ಟು ಸಹಾಯಕ್ಕೆ ಬರುತ್ತದೆಂದು ಮಾತ್ರ ಆಗ ತಿಳಿದಿರಲಿಲ್ಲ.